ಮನವಿ ಯಾರಿಗೆ ಬರೆಯೋದು?

ನವೆಂಬರ್ 9, 2025, ಭಾನುವಾರ
ಸಕಲೇಶಪುರ

ರಾತ್ರಿ ಎರಡು ಗಂಟೆಯಿಂದ ನಾಯಿ ಒಂದೇ ಸಮನೆ ಬೊಗಳುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆ ತುಂಬ ಆನೆ ಹೆಜ್ಜೆ. ತೆನೆ ಬಲಿತಿದ್ದ ಭತ್ತ ಅರ್ಧದಷ್ಟು ಮಣ್ಣುಪಾಲಾಗಿದೆ. ತೋಟದ ಅಂಚಿನ ಬೈನೆ ಮರ ಉರುಳಿದೆ. ಅದರಡಿ ಸಿಕ್ಕಿ ಏಳು ಕಾಫಿ ಗಿಡ ಮುರಿದಿವೆ. ಏಳೂ ಹಣ್ಣು ತಿರುಗುತ್ತಿದ್ದ ಗಿಡಗಳು.

ಮಧ್ಯಾಹ್ನ ದೊಡ್ಡಪ್ಪನ ಮನೆ ಜಗಲಿಯಲ್ಲಿ ಸುತ್ತಲಿನ ಬೆಳೆಗಾರರೆಲ್ಲ ಸೇರಿದ್ದೆವು. ಮನವಿ ಬರೆಯುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು.

"ಡಿಸಿಗೆ ಒಂದು, ಸಂಸದರಿಗೆ ಒಂದು ಬರಿ ಪುಟ್ಟಿ. ಸಾಕು," ಎಂದರು ದೊಡ್ಡಪ್ಪ.

"ಸಂಸತ್ತಿನ ಸಮಿತಿಗೂ ಕಳಿಸೋಣ ದೊಡ್ಡಪ್ಪ."

"ಅಲ್ಲಿ ನಮ್ಮೋರು ಯಾರಿದ್ದಾರೆ? ದೊಡ್ಡ ಪಕ್ಷದೋರದ್ದೇ ಕಾರುಬಾರು ಅಲ್ವಾ?"

ಆ ಪ್ರಶ್ನೆ ಮನೆಗೆ ಬಂದರೂ ಬಿಡಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಸಂಸತ್ತಿನಲ್ಲಿ ಇಲಾಖೆಗಳ ಕೆಲಸ ನೋಡುವ ಸ್ಥಾಯಿ ಸಮಿತಿಗಳು 24 ಇವೆ. 1993ರಲ್ಲಿ ಶುರುವಾದಾಗ 17 ಇದ್ದವು. ಈಗ ಒಂದೊಂದರಲ್ಲೂ 31 ಜನ. ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಲೋಕಸಭೆಯವರಿಗೆ ಸಿಗುವ ಜಾಗ ಲೆಕ್ಕ ಹಾಕಿದರೆ 504. ಸಚಿವರು ಈ ಸಮಿತಿಗಳಲ್ಲಿ ಇರುವಂತಿಲ್ಲ. ಅವರನ್ನು ಬಿಟ್ಟರೆ ಉಳಿದವರಿಗೆ ಹೆಚ್ಚುಕಡಿಮೆ ತಲೆಗೊಂದು ಜಾಗ ಬಂತು. ಹಾಗಾಗಿ ಒಬ್ಬನೇ ಸಂಸದ ಇರುವ ಪಕ್ಷಕ್ಕೂ ಎಲ್ಲೋ ಒಂದು ಕಡೆ ಕುರ್ಚಿ ಸಿಗುತ್ತದೆ.

ಆ "ಎಲ್ಲೋ ಒಂದು ಕಡೆ" ಇದೆಯಲ್ಲ, ಕಷ್ಟ ಇರುವುದು ಅಲ್ಲಿ. 543ನ್ನು 21ರಿಂದ ಭಾಗಿಸಿದರೆ ಸುಮಾರು 26. ಅಷ್ಟು ಸಂಸದರಿದ್ದರೆ ಮಾತ್ರ ಎಲ್ಲ ಸಮಿತಿಯಲ್ಲೂ ಒಬ್ಬರನ್ನು ಕೂರಿಸಬಹುದು. 12 ಜನ ಇರುವ ಪಕ್ಷ ಅರ್ಧದಷ್ಟು ಸಮಿತಿಗಳನ್ನು ಮುಟ್ಟುವುದೇ ಕಷ್ಟ. ಇನ್ನು ನಮ್ಮ ಕಡೆಯ ಜೆಡಿಎಸ್ ನೋಡಿ. 2024ರಲ್ಲಿ ಲೋಕಸಭೆಗೆ ಗೆದ್ದದ್ದು ಮಂಡ್ಯ, ಕೋಲಾರ ಎರಡೇ. ಮಂಡ್ಯದಿಂದ ಗೆದ್ದ ಕುಮಾರಸ್ವಾಮಿ ಸಚಿವರಾದರು. ಅಲ್ಲಿಗೆ ಲೋಕಸಭೆಯ ಕಡೆಯಿಂದ ಸಮಿತಿಗೆ ಕಳಿಸಲು ಉಳಿದದ್ದು ಒಬ್ಬರು. ಆ ಒಬ್ಬರು ರೈಲ್ವೆ ನೋಡಬೇಕೋ, ಕೃಷಿಯೋ, ಕಾಡೋ? 1996ರಲ್ಲಿ 46 ಸ್ಥಾನ ಗೆದ್ದಿದ್ದ ಜನತಾ ದಳದಿಂದ ನಮ್ಮ ಹೊಳೆನರಸೀಪುರದ ದೇವೇಗೌಡರು ಪ್ರಧಾನಿಯಾದರು. ಸಂಖ್ಯೆ ಅಷ್ಟಿದ್ದರೆ ಸಮಿತಿಯಲ್ಲೂ ದನಿ ಬೇರೆಯೇ ಇರುತ್ತದೆ.

ಈ ಸಮಿತಿಗಳಿಗೆ ಚುನಾವಣೆ ಇಲ್ಲ. ಸ್ಪೀಕರ್ ಮತ್ತು ರಾಜ್ಯಸಭೆಯ ಸಭಾಪತಿ ನೇಮಕ ಮಾಡುತ್ತಾರೆ. ದೊಡ್ಡ ಪಕ್ಷಗಳ ಪಾಲು ಅವುಗಳ ಬಲದ ಮೇಲೆ ಮೊದಲೇ ಲೆಕ್ಕವಾಗಿಬಿಡುತ್ತದೆ. ಚಿಕ್ಕವರು ಇಂಥದ್ದು ಬೇಕು ಎಂದು ಕೇಳಬಹುದು, ಹಟ ಹಿಡಿಯಲಾಗದು. ನನಗೆ ಸಮಾಧಾನವಿಲ್ಲದ್ದು ಇದೇ. ಜಾಗವೇನೋ ಸಿಗುತ್ತದೆ. ಆದರೆ ಯಾವುದು ಎಂಬುದು ಇನ್ನೊಬ್ಬರ ಕೈಯಲ್ಲಿ.

ಸರ್ಕಾರದ ಖರ್ಚುವೆಚ್ಚ ಪರಿಶೀಲಿಸುವ ಲೆಕ್ಕಪತ್ರ ಸಮಿತಿಯದ್ದು ಬೇರೆ ದಾರಿ. ಅದಕ್ಕೆ ಲೋಕಸಭೆ 15 ಜನರನ್ನು ಚುನಾಯಿಸುತ್ತದೆ, ರಾಜ್ಯಸಭೆಯಿಂದ 7 ಜನ ಬರುತ್ತಾರೆ. ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ನಾವು ಬರೆಯುತ್ತೇವಲ್ಲ, 1, 2, 3 ಅಂತ, ಅದೇ ಬಗೆಯ ಪ್ರಾಶಸ್ತ್ಯದ ಮತ. ಗೆಲ್ಲಲು ಸುಮಾರು 34 ಮತ ಬೇಕು. 2024ರಲ್ಲಿ 37 ಸ್ಥಾನ ಗೆದ್ದ ಸಮಾಜವಾದಿ ಪಕ್ಷ ಸ್ವಂತ ಬಲದಲ್ಲೇ ಅದನ್ನು ದಾಟುವಂತಿತ್ತು. 29 ಗೆದ್ದ ತೃಣಮೂಲಕ್ಕೂ ಹೊರಗಿನ ಐದು ಮತ ಬೇಕಿತ್ತು. ಆದರೆ ಏಳೆಂಟು ಜನರಿರುವ ಐದು ಪಕ್ಷಗಳು ಸೇರಿ ಒಬ್ಬರಿಗೇ 1 ಎಂದು ಬರೆದರೆ ಆ ಒಬ್ಬರನ್ನು ಯಾರೂ ತಡೆಯಲಾಗದು. ಸಾಮಾನ್ಯವಾಗಿ ಮತದಾನವೇ ಆಗುವುದಿಲ್ಲ. ಎಷ್ಟು ಜಾಗವೋ ಅಷ್ಟೇ ಹೆಸರು ಉಳಿಯುವಂತೆ ಮೊದಲೇ ಮಾತುಕತೆ ಮುಗಿಸುತ್ತಾರೆ. ಆದರೂ ಆ ಮಾತುಕತೆಯಲ್ಲಿ ಚಿಕ್ಕವರು ಬೇಡಿಕೊಳ್ಳಬೇಕಿಲ್ಲ. ಕೈಯಲ್ಲಿ ಮತ ಇರುತ್ತದೆ. ಅಂದರೆ ಮತ ಹಾಕುವ ಕಡೆ ಚಿಕ್ಕವರು ಒಗ್ಗೂಡಿದರೆ ಮಾತ್ರ ಜಾಗ, ಆದರೆ ಅದು ಹಕ್ಕು. ನೇಮಕದ ಕಡೆ ಎಲ್ಲರಿಗೂ ಜಾಗ, ಆದರೆ ಆಯ್ಕೆ ತಮ್ಮದಲ್ಲ. ಸ್ಥಾಯಿ ಸಮಿತಿಗಳ ನೇಮಕದಲ್ಲೂ ಚಿಕ್ಕ ಪಕ್ಷಗಳು ಒಂದು ಗುಂಪಾಗಿ ಸೇರಿ, ತಮ್ಮ ಪಾಲಿನ ಸಮಿತಿಗಳನ್ನು ತಾವೇ ಹಂಚಿಕೊಳ್ಳುವಂತಾಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆಳುವ ಮೈತ್ರಿಕೂಟದಲ್ಲಿದ್ದರೆ ಸಿಗುವ ಬಲ ಬೇರೆ. 2024ರಲ್ಲಿ ಲೋಕಸಭೆಗೆ ಒಬ್ಬರೇ ಗೆದ್ದಿದ್ದ ಅಜಿತ್ ಪವಾರ್ ಬಣದ ಎನ್‌ಸಿಪಿಗೆ ಪೆಟ್ರೋಲಿಯಂ ಸಮಿತಿಯ ಅಧ್ಯಕ್ಷ ಸ್ಥಾನವೇ ಸಿಕ್ಕಿತು.

"ಒಬ್ಬ ಕೂತು ಏನು ಮಾಡ್ತಾನೆ ಪುಟ್ಟಿ?" ಎಂದೂ ದೊಡ್ಡಪ್ಪ ಕೇಳಿದ್ದರು. ಜಾಸ್ತಿಯೇ ಮಾಡಬಹುದು. ಸದನದಲ್ಲಿ ಚಿಕ್ಕ ಪಕ್ಷದವರಿಗೆ ಸಿಗುವುದು ಎರಡು ಮೂರು ನಿಮಿಷ. ಸಮಿತಿಯಲ್ಲಿ ಇಲಾಖೆಯ ಕಾರ್ಯದರ್ಶಿಯನ್ನೇ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಬಹುದು. ಕ್ಯಾಮೆರಾ ಇಲ್ಲದ್ದರಿಂದ ಮಾತೂ ಸ್ವಲ್ಪ ನೇರವಾಗಿರುತ್ತದೆ. ವರದಿ ಒಪ್ಪಿಗೆಯಾಗದಿದ್ದರೆ ಭಿನ್ನಮತದ ಟಿಪ್ಪಣಿ ಬರೆದುಕೊಡಬಹುದು. ಮೂವತ್ತು ಜನ ಒಂದು ಕಡೆ, ಒಬ್ಬರು ಒಂದು ಕಡೆ ನಿಂತರೂ ಆ ಟಿಪ್ಪಣಿ ವರದಿಯ ಜೊತೆಗೇ ಸದನಕ್ಕೆ ಹೋಗುತ್ತದೆ.

ಸಮಿತಿಯೊಂದರ ತೂಕ ದೊಡ್ಡಪ್ಪನಿಗೆ ಗೊತ್ತಿಲ್ಲದ್ದೇನಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆ ಹೊತ್ತಿಗೆ ಅವರು ಮೂಡಿಗೆರೆಯಲ್ಲಿದ್ದರು. ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಗೆದ್ದರು. ಡಿಸೆಂಬರ್‌ನಲ್ಲಿ ಹಕ್ಕುಬಾಧ್ಯತಾ ಸಮಿತಿಯ ವರದಿ ಹಿಡಿದು ಲೋಕಸಭೆ ಅವರನ್ನು ಹೊರಹಾಕಿತು. "ಓಟು ಹಾಕಿದ ಶಾಯಿ ಇನ್ನೂ ಹೋಗಿರಲಿಲ್ಲ," ಎಂದು ಇವತ್ತೂ ಹೇಳಿದರು.

ಸಂಜೆ ಪತ್ರ ಮುಗಿಸಿದೆ. ಹಾಸನದ ಸಂಸದರು ಕಾಂಗ್ರೆಸ್‌ನವರು, ಅವರಿಗೊಂದು ಪ್ರತಿ. ಕಾಫಿ ಮಂಡಳಿ ವಾಣಿಜ್ಯ ಇಲಾಖೆಗೆ ಸೇರಿದ್ದು, ಆನೆ ಅರಣ್ಯ ಇಲಾಖೆಯದ್ದು. ಹಾಗಾಗಿ ವಾಣಿಜ್ಯ ಸಮಿತಿಗೆ ಒಂದು, ಪರಿಸರ ಮತ್ತು ಅರಣ್ಯ ನೋಡುವ ಸಮಿತಿಗೆ ಒಂದು. ಎರಡರಲ್ಲೂ ಎರಡೂ ಸದನದವರಿದ್ದರೂ ಅವುಗಳ ಕಚೇರಿ ಕೆಲಸ ನೋಡಿಕೊಳ್ಳುವುದು ರಾಜ್ಯಸಭೆಯ ಸಚಿವಾಲಯ. ಆ ಎರಡರಲ್ಲೂ ಇರುವ ಚಿಕ್ಕ ಪಕ್ಷದವರ ಹೆಸರು ಹುಡುಕಿ, ಅವರಿಗೆ ಬೇರೆಯಾಗಿಯೇ ಲಕೋಟೆ ಮಾಡುತ್ತಿದ್ದೇನೆ. ಅವರು ತಮಿಳುನಾಡಿನವರಾದರೂ ಸರಿ, ಈಶಾನ್ಯದವರಾದರೂ ಸರಿ. ಅವರ ಊರಲ್ಲೂ ಆನೆ ಇರಬಹುದು ಅಲ್ವಾ?

ಕನ್ನಡದ ಪ್ರತಿಯನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. "ಬೈನೆ ಮರದ ವಿಷಯ ಬಿಟ್ಟಿದ್ದೀಯ, ಸೇರಿಸು," ಎಂದರು. ಸೇರಿಸಿದೆ. ನಾಳೆ ಅಂಚೆಗೆ ಹಾಕುವ ಮೊದಲು ಮುರಿದ ಗಿಡಗಳ ಫೋಟೋ ಪ್ರಿಂಟ್ ಹಾಕಿಸಬೇಕು.