ಜರ್ಮನಿಯಿಂದ ಹಳೇ ವ್ಯಾನ್ ತರುವುದು: ಮೊದಲು ಕಾಗದ, ಆಮೇಲೆ ಗಾಡಿ

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇರುವವರಿಗೆ ಈ ಆಸೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. 8ನೇ ನಂಬರಿನ ಟ್ರಾಮ್ ಹತ್ತಿ ಕೂತರೆ ಜರ್ಮನಿಯ ವೈಲ್ ಆಮ್ ರೈನ್. ಅಲ್ಲಿಂದಾಚೆ ಇಡೀ ಜರ್ಮನಿಯ ಸೆಕೆಂಡ್ ಹ್ಯಾಂಡ್ ಮಾರ್ಕೆಟ್. ನಮಗೆ ಬೇಕಿದ್ದದ್ದು ಒಂಬತ್ತು ಸೀಟಿನ ವ್ಯಾನ್. ಊರಿಂದ ಅತ್ತೆ ಮಾವ ಬಂದಾಗ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕು, ಉಳಿದ ದಿನ ಹಿಂದಿನ ಸೀಟು ಬಿಚ್ಚಿಟ್ಟು ಸೈಕಲ್ಲು, ಟೆಂಟು ತುಂಬಬೇಕು. ಸ್ವಿಟ್ಜರ್ಲೆಂಡಿನಲ್ಲಿ ಅಂಥದ್ದು ಸಿಗುವುದೇ ಕಡಿಮೆ, ಸಿಕ್ಕರೆ ರೇಟು ಕೇಳೋ ಹಾಗಿಲ್ಲ. ಗಾಡಿ ಜಾಹೀರಾತಿನ ಜರ್ಮನ್ ವೆಬ್‌ಸೈಟ್ ಮೊಬೈಲ್.ಡಿಇ ತೆರೆದರೆ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್, ಮರ್ಸಿಡಿಸ್ ವೀಟೊ, ಫೋರ್ಡ್ ಟ್ರಾನ್ಸಿಟ್, ಓಪೆಲ್ ವಿವಾರೊ ಅಂತ ನೋಡಿದಷ್ಟೂ ಮುಗಿಯಲ್ಲ.

ಏಜೆಂಟ್ ಕೈಗೆ ಕೊಡದೆ ನಾವೇ ತರಬಹುದಾ? ತರಬಹುದು. ಕೇರಳದ ಗಾಡಿಗೆ ಎನ್‌ಒಸಿ ತಂದು, ಕರ್ನಾಟಕದಲ್ಲಿ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಮಾಡಿಸಿದವರಿಗೆ ಇದು ತೀರಾ ಹೊಸದು ಅನ್ನಿಸಲ್ಲ. ಆದರೆ ಬಹಳ ಜನ ಗಾಡಿ ನೋಡಿ ಮರುಳಾಗಿ, ಅಡ್ವಾನ್ಸ್ ಕೊಟ್ಟು, ಆಮೇಲೆ ಕಾಗದ ಕೇಳುತ್ತಾರೆ. ಇಲ್ಲಿ ಅದು ಪೂರ್ತಿ ಉಲ್ಟಾ ಆಗಬೇಕು.

ದುಡ್ಡಿನ ವಿಷಯ ಮೊದಲು. ಜರ್ಮನಿಯಲ್ಲಿ ವ್ಯಾಟ್ 19%. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಹಾಗಾಗಿ ಗಾಡಿ ಇಲ್ಲಿಗೆ ಬಂದರೆ ಅದು ರಫ್ತು, ರಫ್ತಾದರೆ ಆ 19% ವಾಪಸ್ ಬರಬೇಕು ಅಲ್ವಾ? ಎಲ್ಲಾ ಗಾಡಿಗೂ ಬರಲ್ಲ. ಮನೆಯವರೇ ನೇರವಾಗಿ ಮಾರುತ್ತಿದ್ದರೆ ವಾಪಸ್ ಕೊಡೋಕೆ ಅಲ್ಲಿ ವ್ಯಾಟೇ ಇಲ್ಲ. ಡೀಲರ್ ಅಂಥ ಮನೆಯವರಿಂದ ಕೊಂಡು ಮಾರುತ್ತಿದ್ದರೆ ಸಾಮಾನ್ಯವಾಗಿ ತನ್ನ ಲಾಭದ ಮೇಲಷ್ಟೇ ತೆರಿಗೆ ಕಟ್ಟುತ್ತಾನೆ, ಬಿಲ್ಲಿನಲ್ಲಿ ಬೇರೆ ತೋರಿಸಲ್ಲ, ನಿಮ್ಮ ಕೈಗೆ ಬರೋದು ಸೊನ್ನೆ. ಕಂಪನಿಯವರು ಓಡಿಸಿ ಬಿಟ್ಟ ಗಾಡಿ, ಲೀಸ್ ಮುಗಿದ ಗಾಡಿ, ಇಂಥವುಗಳ ಜಾಹೀರಾತಿನಲ್ಲಿ ಮಾತ್ರ ‘ಎಂವೀಎಸ್‌ಟಿ ಔಸ್‌ವೈಸ್‌ಬಾರ್’ ಅಂತ ಒಂದು ಸಾಲು ಇರುತ್ತದೆ. ವ್ಯಾಟ್ ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತದೆ ಅಂತ ಅದರ ಅರ್ಥ. ಹುಡುಕುವಾಗ ನಾನು ಬಣ್ಣ, ಕಿಲೋಮೀಟರ್ ಎಲ್ಲಾ ಬಿಟ್ಟು ಆ ಸಾಲನ್ನೇ ಮೊದಲು ನೋಡುತ್ತಿದ್ದೆ. 14,000 ಯೂರೋ ಗಾಡಿಯಲ್ಲಿ ಆ ಒಂದು ಸಾಲಿನ ಬೆಲೆ ಸುಮಾರು 2,235 ಯೂರೋ. ಡೀಲರ್ ಆ ದುಡ್ಡನ್ನು ಡೆಪಾಸಿಟ್ ಥರ ಇಟ್ಟುಕೊಂಡು, ಗಾಡಿ ಗಡಿ ದಾಟಿದ ದಾಖಲೆ ಸಿಕ್ಕಿದ ಮೇಲೆ ವಾಪಸ್ ಹಾಕುತ್ತಾನೆ. ಇದನ್ನು ಖರೀದಿ ಪತ್ರದಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಡಬೇಡಿ.

ಈ ಕಡೆ ಕಟ್ಟಬೇಕಾದ್ದು: 4% ಆಟೋಮೊಬೈಲ್ ಟ್ಯಾಕ್ಸ್, ಅದನ್ನೂ ಸೇರಿಸಿಕೊಂಡು ಅದರ ಮೇಲೆ 8.1% ವ್ಯಾಟ್. 10,000 ಫ್ರಾಂಕ್ ಗಾಡಿ ಅಂತ ಇಟ್ಟುಕೊಳ್ಳಿ. 400 ಫ್ರಾಂಕ್ ಮೊದಲಿನದು, 10,400ರ ಮೇಲೆ ವ್ಯಾಟ್ 842, ಒಟ್ಟು 1,242 ಫ್ರಾಂಕ್ ಚಿಲ್ಲರೆ. ಜನ ಕೂರುವ ವ್ಯಾನಿಗೆ ಈ ಲೆಕ್ಕ. ಬರೀ ಸಾಮಾನು ಹೇರುವ ವ್ಯಾನ್ ಆಗಿದ್ದು ಗಾಡಿಯದ್ದೇ ತೂಕ 1,600 ಕಿಲೋ ದಾಟಿದರೆ ಆ 4% ಬೀಳಲ್ಲ. ಮುಂಚೆ ತೂಕದ ಮೇಲೆ ಕಸ್ಟಮ್ಸ್ ಸುಂಕ ಇತ್ತು, ಗಾಡಿ ಯುರೋಪಿನಲ್ಲೇ ತಯಾರಾದದ್ದು ಅಂತ ತೋರಿಸೋಕೆ ಇನ್ನೊಂದು ಪತ್ರ ಬೇಕಿತ್ತು. 2024ರ ಜನವರಿ 1ರಿಂದ ಕಾರ್ಖಾನೆ ಮಾಲಿನ ಮೇಲೆ ಸುಂಕವನ್ನೇ ತೆಗೆದು ಹಾಕಿದ್ದಾರೆ, ಹಳೇ ಲೇಖನ ಓದಿ ಆ ಪತ್ರಕ್ಕೆ ಅಲೆಯಬೇಡಿ.

ಹಾಗಾದರೆ ಡೀಲರ್ ಹತ್ತಿರ ಹೋಗೋದೇ ವಾಸಿನಾ? ಅಲ್ಲೂ ಒಂದು ಮಜಾ ಇದೆ. ಜರ್ಮನಿಯಲ್ಲಿ ಡೀಲರ್ ನಮ್ಮಂಥ ಗಿರಾಕಿಗೆ ಮಾರಿದರೆ ಸಾಮಾನ್ಯವಾಗಿ ಒಂದು ವರ್ಷ ಗಾಡಿಯ ದೋಷಕ್ಕೆ ಅವನೇ ಹೊಣೆ. ಅದಕ್ಕೇ ಡೌಟಿರುವ ಗಾಡಿಗೆ ‘ಡೀಲರ್‌ಗಳಿಗೆ ಅಥವಾ ಎಕ್ಸ್‌ಪೋರ್ಟ್‌ಗೆ ಮಾತ್ರ’ ಅಂತ ಹಾಕಿಬಿಡುತ್ತಾರೆ. ಎಕ್ಸ್‌ಪೋರ್ಟ್ ಅಂದರೆ ನಾವೇ ಅಲ್ವಾ ಅಂತ ಖುಷಿಪಡಬೇಡಿ. ಹೊಣೆ ತಪ್ಪಿಸಿಕೊಳ್ಳೋಕೆ ಹಾಕಿದ ಬೋರ್ಡು ಅದು.

ಕೇಳಬೇಕಾದ ಕಾಗದಗಳಿಗೆ ಬರೋಣ. ಬ್ರೀಫ್ ಅಂತ ಕರೆಯುವ ಮಾಲೀಕತ್ವದ ಪತ್ರ, ಶೈನ್ ಅನ್ನುವ ಆರ್‌ಸಿ, ಟ್ಯೂಫ್ ಅನ್ನುವ ಫಿಟ್‌ನೆಸ್ ತಪಾಸಣೆಯ ರಿಪೋರ್ಟು, ಇವು ಎಲ್ಲರ ಹತ್ತಿರವೂ ಇರುತ್ತವೆ. ಇಲ್ಲದೆ ಹೋಗುವುದು ಸಿಒಸಿ. ಈ ಗಾಡಿ ಯುರೋಪಿನ ಯಾವ ನಿಯಮದಂತೆ ತಯಾರಾಗಿದೆ, ಎಷ್ಟು ಸೀಟು, ಯಾವ ಟೈರ್ ಸೈಜು ಅಂತ ಕಂಪನಿ ಕೊಡುವ ಪತ್ರ ಅದು. ಇದಿದ್ದರೆ ಸ್ವಿಸ್ ಕಡೆ ಕೆಲಸ ಸಲೀಸು. ಇಲ್ಲದಿದ್ದರೆ ಕಂಪನಿಯಿಂದ ದುಡ್ಡು ಕೊಟ್ಟು ತರಿಸಬೇಕು. ನಾನು ಫೋನಿನಲ್ಲೇ ಅದರ ಫೋಟೋ ಕಳಿಸಿ ಅಂತ ಕೇಳುತ್ತಿದ್ದೆ. ‘ಎಲ್ಲೋ ಇದೆ, ಹುಡುಕಿ ಕೊಡ್ತೀನಿ’ ಅಂದವರ ಗಾಡಿಯನ್ನು ನೋಡೋಕೂ ಹೋಗಲಿಲ್ಲ.

ಕಾರ್ಲ್ಸ್‌ರೂಹೆ ಕಡೆಯ ಒಬ್ಬ ಡೀಲರ್ ಹತ್ತಿರ ನಮಗೆ ಬೇಕಾದ ಟ್ರಾನ್ಸ್‌ಪೋರ್ಟರ್ ಸಿಕ್ಕಿತು. ಇದೇ ಟ್ರಾನ್ಸ್‌ಪೋರ್ಟರ್‌ನ ಟಿ5 ಸರಣಿಯ 180 ಎಚ್‌ಪಿ ಬೈ-ಟರ್ಬೊ ಡೀಸೆಲ್ ಎಂಜಿನ್ ಆಯಿಲ್ ಕುಡಿಯುವುದಕ್ಕೆ ಹೆಸರುವಾಸಿ, ಅದನ್ನು ಮೊದಲೇ ಪಟ್ಟಿಯಿಂದ ತೆಗೆದಿದ್ದೆ. ಸ್ಲೈಡಿಂಗ್ ಡೋರ್ ಪೂರ್ತಿ ಹಿಂದಕ್ಕೆ ಎಳೆದು, ಮೆಟ್ಟಿಲಿನ ರಬ್ಬರ್ ಅಂಚು ಎತ್ತಿ, ಕೆಳಗಿನ ಹಳಿಯಲ್ಲಿ ಬೆರಳಾಡಿಸಿದೆ. ಒದ್ದೆ ಮಣ್ಣು, ಒಣಗಿದ ಎಲೆ, ಯಾವುದೋ ಮಗು ತಿಂದು ಬಿಟ್ಟ ಬಿಸ್ಕತ್ತಿನ ಪುಡಿ ಬಂತು, ತುಕ್ಕಿನ ಪೊರೆ ಬರಲಿಲ್ಲ. ವ್ಯಾನ್‌ಗಳು ಕೊಳೆಯೋಕೆ ಶುರುವಾಗುವುದು ಹೆಚ್ಚಾಗಿ ಅಲ್ಲಿಂದ ಮತ್ತೆ ಚಕ್ರದ ಮೇಲಿನ ಕಮಾನಿನಿಂದ. ಡೀಲರ್ ಸುಮ್ನೆ ಕಾಫಿ ಕುಡಿಯುತ್ತಾ ನೋಡುತ್ತಿದ್ದ.

ಆಮೇಲೆ ರಿಜಿಸ್ಟ್ರೇಷನ್ ಕಚೇರಿ. ಐದು ದಿನಕ್ಕಷ್ಟೇ ಕೊಡುವ ಹಳದಿ ಪಟ್ಟಿಯ ತಾತ್ಕಾಲಿಕ ಪ್ಲೇಟು ಇದಕ್ಕಲ್ಲ, ಬೇಕಾದ್ದು ಬಲಗಡೆ ಕೆಂಪು ಪಟ್ಟಿ ಇರುವ ಎಕ್ಸ್‌ಪೋರ್ಟ್ ಪ್ಲೇಟು. ಆ ಕೆಂಪು ಪಟ್ಟಿಯಲ್ಲೇ ದಿನ, ತಿಂಗಳು, ವರ್ಷ ಅಚ್ಚು ಹಾಕಿರುತ್ತಾರೆ, ಆ ತಾರೀಖು ದಾಟಿದರೆ ಗಾಡಿ ರೋಡಿಗೆ ಇಳಿಯೋ ಹಾಗಿಲ್ಲ. ಅದಕ್ಕೆ ಇನ್ಶೂರೆನ್ಸ್ ಬೇಕು, ಟ್ಯೂಫ್ ಚಾಲ್ತಿಯಲ್ಲಿರಬೇಕು. ಗಾಡಿಯನ್ನೇ ತಗೊಂಡು ಹೋಗಿದ್ದೆವು, ಕ್ಲರ್ಕ್ ಹೊರಗೆ ಬಂದು ಬಾನೆಟ್ ಎತ್ತಿಸಿ ಚಾಸಿ ನಂಬರನ್ನು ಕಾಗದದ ಜೊತೆ ತಾಳೆ ನೋಡಿದರು. ಜರ್ಮನಿಯಲ್ಲಿ ವಿಳಾಸ ಇಲ್ಲದವರಿಗೆ ಪತ್ರ ತಗೊಳ್ಳೋಕೆ ಅಲ್ಲಿನ ಒಬ್ಬರ ಹೆಸರು ಕೇಳುತ್ತಾರೆ, ನಮ್ಮ ಹಾಸನದ ಗೆಳೆಯ ಅಲ್ಲೇ ಇದ್ದ, ಆಗಿಹೋಯಿತು. ಪ್ಲೇಟು ಹೊಡೆದು ಕೊಡುವ ಅಂಗಡಿಗಳು ಕಚೇರಿಯ ಎದುರಿಗೇ ಇರುತ್ತವೆ, ಎರಡು ಅಂಗಡಿ ಕೇಳಿ ನೋಡಿ, ರೇಟು ಬೇರೆ ಬೇರೆ.

ಗಾಡಿ ಬೆಲೆ 3,000 ಯೂರೋ ದಾಟಿದರೆ ರಫ್ತು ಘೋಷಣೆಯನ್ನು ಗಡಿಗೆ ಹೋಗುವ ಮುಂಚೆಯೇ ಜರ್ಮನಿ ಒಳಗಿನ ಕಸ್ಟಮ್ಸ್ ಕಚೇರಿಯಲ್ಲಿ ಆನ್‌ಲೈನಾಗಿ ಹಾಕಿರಬೇಕು. ಎಂಆರ್‌ಎನ್ ಅನ್ನುವ 18 ಅಕ್ಷರ-ಅಂಕಿಯ ನಂಬರ್ ಇರುವ ಪತ್ರ ಬರುತ್ತದೆ. ಇಡೀ ಕೆಲಸದಲ್ಲಿ ಇದೊಂದನ್ನು ಮಾತ್ರ ಏಜೆನ್ಸಿಗೆ ಕೊಡಿ ಅಂತೀನಿ. ಅವರ ಫೀಸು ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ.

ಎ5 ಹೈವೇ ಹಿಡಿದು ಬಂದರೆ ಬಾಸೆಲ್ ಗಡಿ. ಲಾರಿಗಳ ಮಧ್ಯೆ ನಿಲ್ಲಿಸಿ ಮೊದಲು ಜರ್ಮನ್ ಕಿಟಕಿ. ಅಲ್ಲಿ ಗಾಡಿ ಹೊರಗೆ ಹೋಯಿತು ಅಂತ ದಾಖಲಾಗದಿದ್ದರೆ ಆ 2,235 ಯೂರೋ ಮರೆತುಬಿಡಿ. ಆಮೇಲೆ ಸ್ವಿಸ್ ಕಿಟಕಿ: ಬಿಲ್ಲು, ಬ್ರೀಫ್, ಪಾಸ್‌ಪೋರ್ಟು, ಟ್ಯಾಕ್ಸ್, ಕೊನೆಗೆ 13.20 ಎ ಅನ್ನುವ ಫಾರ್ಮು. ವಾರದ ದಿನ, ಆಫೀಸ್ ಟೈಮಲ್ಲಿ ಹೋಗಿ. ಇಲ್ಲಿ ವಾಸ ಇರುವವರು ಡಿಕ್ಲೇರ್ ಮಾಡದೆ ಹಾಗೇ ಒಳಗೆ ಬಂದರೆ ದಂಡ.

ಅಷ್ಟೆಲ್ಲಾ ಮಾಡ್ತೀಯ, ಊರಿಗೇ ತಗೊಂಡು ಬಾರೋ ಅಂತ ಅಮ್ಮ ಫೋನಿನಲ್ಲಿ ಕೇಳಿದರು. ಭಾರತಕ್ಕೆ ಹಳೇ ಗಾಡಿ ತರಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಮ್ಮದು ಎರಡರಲ್ಲೂ ಫೇಲು.

ಟ್ಯೂಫ್ ಹೊಸದಾಗಿ ಆಗಿದ್ದರೂ ಸ್ವಿಸ್‌ನವರು ಒಪ್ಪಲ್ಲ, ಎಂಎಫ್‌ಕೆ ಅನ್ನುವ ತಮ್ಮದೇ ತಪಾಸಣೆ ಮಾಡುತ್ತಾರೆ. ಜರ್ಮನಿಯಲ್ಲಿ ಯಾರೋ ಚೆಂದವಾಗಿ ಕ್ಯಾಂಪರ್ ಮಾಡಿಸಿದ ವ್ಯಾನ್ ಕಣ್ಣಿಗೆ ಬಿದ್ದರೆ ಇಲ್ಲೇ ಎಚ್ಚರ. ಆಮೇಲೆ ಸೇರಿಸಿದ ಸೀಟು, ಕಂಪನಿಯದ್ದಲ್ಲದ ಚಕ್ರ, ಎಲ್ಲಕ್ಕೂ ಇಲ್ಲಿ ಒಪ್ಪುವ ಪತ್ರ ಬೇಕು, ಇಲ್ಲದಿದ್ದರೆ ಹೊಸದಾಗಿ ಪರೀಕ್ಷೆ ಮಾಡಿಸುವ ಖರ್ಚು ನೋಡಿ ಗಾಡಿ ಮೇಲಿನ ಪ್ರೀತಿ ಇಳಿದುಹೋಗುತ್ತದೆ. ನಮ್ಮದರಲ್ಲಿ ಕಂಪನಿ ಹಾಕಿದ ಸೀಟೇ ಇದ್ದವು. ಇನ್‌ಸ್ಪೆಕ್ಟರ್ ಸಿಒಸಿ ಹಿಡಿದು ಒಂದೊಂದೇ ಬೆಲ್ಟ್ ಎಳೆದು ನೋಡಿ, ಒಂದು ಬಲ್ಬು ಬದಲಿಸಿ ಅಂದು ಸಹಿ ಹಾಕಿದರು.

ಇಲ್ಲಿ ನಂಬರ್ ಪ್ಲೇಟು ಗಾಡಿಯದ್ದಲ್ಲ, ಮಾಲೀಕರದ್ದು. ಎರಡು ಗಾಡಿಗೆ ಒಂದೇ ಪ್ಲೇಟು ಇಟ್ಟುಕೊಂಡರೆ ಖರ್ಚು ಕಡಿಮೆ, ಆದರೆ ರೋಡಿಗೆ ಒಂದು ಸಲಕ್ಕೆ ಒಂದೇ ಗಾಡಿ. ನಾವು ಅದನ್ನೇ ಮಾಡಿಸಿದ್ದೇವೆ. ಹಾಗಾಗಿ ನಾನು ವ್ಯಾನ್ ತೆಗೆಯಬೇಕು ಅಂದ ದಿನವೇ ನಮ್ಮವಳಿಗೆ ಕಾರು ಬೇಕಾಗುತ್ತದೆ, ಪ್ಲೇಟು ಯಾರ ಕೈಗೆ ಮೊದಲು ಸಿಕ್ಕಿತೋ ಅವರದ್ದೇ ಗಾಡಿ ಹೊರಡುತ್ತದೆ.