ಸಮಯದ ಕಾಲಂ ಖಾಲಿ ಇತ್ತು

2024ರ ಆಗಸ್ಟ್. ಭಾನುವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಆ ವಾರ ಕಾನೂನು ಸೇವಾ ಸಮಿತಿಯ ರಿಮ್ಯಾಂಡ್ ವಕೀಲರ ಸರದಿ ನನ್ನದು. ಅಂದರೆ ಬಂಧಿತರನ್ನು ಮ್ಯಾಜಿಸ್ಟ್ರೇಟ್ ಮುಂದೆ ತಂದಾಗ, ವಕೀಲರಿಲ್ಲದವರ ಪರ ನಿಲ್ಲುವ ಕೆಲಸ. ಸಾಮಾನ್ಯವಾಗಿ ನನ್ನ ಪಾಲಿಗೆ ಬರುವುದು ಬೈಕ್ ಕಳ್ಳತನ, ಬಾರ್ ಮುಂದಿನ ಹೊಡೆದಾಟ, ಅಷ್ಟೇ.

"ಮೇಡಂ, ಸಾಹೇಬ್ರ ಮನೆಗೆ ಬರ್ಬೇಕು. ಒಬ್ಬನನ್ನ ಪ್ರೊಡ್ಯೂಸ್ ಮಾಡ್ತಿದ್ದಾರೆ. ಅವನಿಗೆ ವಕೀಲರಿಲ್ಲ."

"ಯಾವ ಕೇಸು?"

"ಯುಎಪಿಎ." ಭಯೋತ್ಪಾದನೆ, ಕಾನೂನುಬಾಹಿರ ಚಟುವಟಿಕೆ ತಡೆಯುವ ಕಠಿಣ ಕಾನೂನು.

"ಬೇರೆ ಯಾರೂ ಇಲ್ವಾ ಸರ್?" ಅಂತ ಕೇಳಿದೆ. ಈಗ ಬರೆಯುವಾಗ ಈ ಸಾಲನ್ನು ನುಂಗಿಬಿಡಬಹುದಿತ್ತು. ಆದರೆ ಕೇಳಿದ್ದು ನಿಜ. ವಕೀಲಿಕೆ ಶುರು ಮಾಡಿ ಎರಡು ವರ್ಷವೂ ಆಗಿರಲಿಲ್ಲ. ಹೆದರಿಕೆ ಆಯಿತು.

ಕೋಟು ಹಾಕಿಕೊಳ್ಳುವಾಗ ಅಮ್ಮ ಬಾಗಿಲಿಗೆ ಬಂದಳು. ಏನು ಎತ್ತ ಅಂತ ಹೇಳಿದೆ. "ಅಂಥವರಿಗೂ ವಕೀಲರು ಬೇಕೇನೆ?" ಅಂದಳು.

"ಕಸಬ್‌ಗೂ ಕೊಟ್ಟಿದ್ರಲ್ಲಮ್ಮ."

"ಅದಕ್ಕೇ ಕೇಳಿದ್ದು."

ಇದಕ್ಕೆ ಉತ್ತರ ಇತ್ತು, ಹೇಳೋಕೆ ಪುರುಸೊತ್ತಿರಲಿಲ್ಲ. ಕಸಬ್‌ನ ಗಲ್ಲುಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2012ರ ಆಗಸ್ಟಿನಲ್ಲಿ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಬಂಧಿತನನ್ನು ಮೊದಲ ಸಲ ಕರೆತಂದಾಗಲೇ, ನಿನಗೆ ವಕೀಲರನ್ನು ಪಡೆಯುವ ಹಕ್ಕಿದೆ, ದುಡ್ಡಿಲ್ಲದಿದ್ದರೆ ಸರ್ಕಾರವೇ ಕೊಡುತ್ತದೆ ಅಂತ ಮ್ಯಾಜಿಸ್ಟ್ರೇಟ್ ತಿಳಿಸಲೇಬೇಕು. ತಿಳಿಸದಿದ್ದರೆ ಅದು ಕರ್ತವ್ಯಲೋಪ, ಇಲಾಖಾ ಕ್ರಮಕ್ಕೂ ದಾರಿ. ಅಂದರೆ ನನ್ನ ಬೈಕ್ ಕಳ್ಳರ ಪರವಾಗಿ ನಾನು ಮೊದಲ ದಿನವೇ ಹೋಗಿ ನಿಲ್ಲುತ್ತೇನಲ್ಲ, ಆ ನಿಯಮವನ್ನು ಇಷ್ಟು ಬಿಗಿಯಾಗಿ ಬರೆದಿದ್ದು ಇಡೀ ದೇಶ ಶಾಪ ಹಾಕುತ್ತಿದ್ದವನ ಕೇಸಿನಲ್ಲಿ. ಸ್ಕೂಟರ್ ಮೇಲೆ ಮಳೆಯಲ್ಲಿ ನೆನೆಯುತ್ತಾ ಇದನ್ನೇ ನೆನಪು ಮಾಡಿಕೊಂಡೆ. ಧೈರ್ಯಕ್ಕೆ ಅಂತ ಇಟ್ಟುಕೊಳ್ಳಿ.

ಮ್ಯಾಜಿಸ್ಟ್ರೇಟ್ ಮನೆಯ ಮುಂದೆ ಎರಡು ಜೀಪು, ಒಂದು ವ್ಯಾನು. ಒಳಗೆ ಮುಂದಿನ ಕೋಣೆಯೇ ಆಫೀಸು. ಮ್ಯಾಜಿಸ್ಟ್ರೇಟ್ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಒಳಮನೆಯಲ್ಲಿ ಮಗುವೊಂದು ಮಗ್ಗಿ ಹೇಳುತ್ತಿತ್ತು. ಅವನನ್ನು ಕರೆತಂದರು. ಮುಖಕ್ಕೆ ಕಪ್ಪು ಬಟ್ಟೆ ಮುಚ್ಚಿತ್ತು. ನನ್ನ ಕಣ್ಣು ಮೊದಲು ಹೋಗಿದ್ದು ಅವನ ಕಾಲಿಗೆ. ಹವಾಯಿ ಚಪ್ಪಲಿ, ಒಂದು ನೀಲಿ, ಒಂದು ಕೆಂಪು. ಎರಡೂ ಎಡಗಾಲಿನವು.

"ಬಟ್ಟೆ ತೆಗೀರಿ" ಅಂದರು ಮ್ಯಾಜಿಸ್ಟ್ರೇಟ್. ಇಪ್ಪತ್ತೈದು ದಾಟದ ಹುಡುಗ. ಲೈಟಿಗೆ ಕಣ್ಣು ಕಿರಿದು ಮಾಡಿದ. ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

ರಿಮ್ಯಾಂಡ್ ವೇಳೆ ಪ್ರತಿ ಆರೋಪಿಗೂ ಒಂದು ಪ್ರಶ್ನೆ ಕೇಳುತ್ತಾರೆ: "ಪೊಲೀಸರಿಂದ ಏನಾದ್ರೂ ತೊಂದರೆ ಆಯ್ತಾ?" ಇವನೂ ಎಲ್ಲರ ಹಾಗೆ ಇಲ್ಲ ಎಂದು ತಲೆ ಆಡಿಸಿದ. ಹಿಡಿದು ತಂದವರು ಬೆನ್ನ ಹಿಂದೆ ಮೊಳ ದೂರದಲ್ಲಿ ನಿಂತಿರುವಾಗ ಯಾರು ತಾನೇ ಹೌದು ಅಂತಾರೆ? ಆದರೆ ಅವತ್ತು ಮ್ಯಾಜಿಸ್ಟ್ರೇಟ್ ಅಷ್ಟಕ್ಕೇ ಬಿಡಲಿಲ್ಲ. "ಎಲ್ಲರೂ ಗೇಟಿನ ಹತ್ತಿರ ನಿಂತ್ಕೊಳ್ಳಿ" ಅಂತ ಪೊಲೀಸರನ್ನು ಹೊರಗೆ ಕಳಿಸಿದರು. ಮಳೆ ಜೋರಾಗಿಯೇ ಇತ್ತು. ನನಗೆ ಹತ್ತು ನಿಮಿಷ ಕೊಟ್ಟು ತಾವೂ ಒಳಗೆ ಹೋದರು.

ಅವನಿಗೆ ಕನ್ನಡ ಬಾರದು. ನನ್ನ ಹಿಂದಿಯೋ, ದೇವರಿಗೇ ಪ್ರೀತಿ. ಕಾಗದದ ಮೇಲೆ ಗಡಿಯಾರ ಬರೆದು, ವಾರದ ಹೆಸರು ಹೇಳಿಸಿ ವಿಷಯ ತೆಗೆದೆ. ತನ್ನನ್ನು ಕರೆದೊಯ್ದದ್ದು ಶುಕ್ರವಾರ ಸಂಜೆ, ಪಾಳಿ ಮುಗಿಸಿ ಬರುವಾಗ ಎಂದ. ಬಂಧನದ ಮೆಮೊ ನೋಡಿದೆ. ದಿನಾಂಕ ಭಾನುವಾರದ್ದು. ಸಮಯದ ಕಾಲಂ ಖಾಲಿ. ಮೆಮೊ ಪೂರ್ತಿ ಕನ್ನಡದಲ್ಲಿದೆ, ಕೆಳಗೆ ದೇವನಾಗರಿಯಲ್ಲಿ ಅವನ ಸಹಿ. ಯಾಕೆ ಸಹಿ ಮಾಡಿದೆ ಅಂತ ಕೇಳಿದರೆ, ಮೊಬೈಲ್ ವಾಪಸ್ ಕೊಡೋಕೆ ಅಂದುಕೊಂಡೆ ಎಂದ. ಮನೆಯವರಿಗೆ ತಿಳಿಸಿದ್ದೇವೆ ಅನ್ನುವ ಕಡೆ 'ಸ್ನೇಹಿತ' ಅಂತ ಒಂದು ನಂಬರ್ ಇತ್ತು. ಅದು ಸ್ವಿಚ್ ಆಫ್. ಅಮ್ಮನ ನಂಬರ್ ಅವನಿಗೆ ಬಾಯಿಪಾಠ ಇತ್ತು, ಆದರೆ ಯಾರೂ ಕೇಳಿರಲಿಲ್ಲ. ಹೊಡೆದರಾ ಅಂದಾಗ ಎಡಗಿವಿ ಮುಟ್ಟಿ ತೋರಿಸಿದ. ಅಷ್ಟು ಹೊತ್ತಿಗೆ ಹತ್ತು ನಿಮಿಷ ಮುಗಿದಿತ್ತು.

ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಬೇರೆ ಕೇಸುಗಳಲ್ಲಿ ಮೊದಲ ರಾತ್ರಿ ತಪ್ಪಿದ್ದನ್ನು ಆಮೇಲೆ ಸರಿಮಾಡಿಕೊಳ್ಳೋಕೆ ಜಾಗ ಇರುತ್ತದೆ. 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಕೇಳಬಹುದು. ಯುಎಪಿಎಯಲ್ಲಿ ಅದು 180 ದಿನದವರೆಗೂ ಹೋಗಬಹುದು. ಪೊಲೀಸ್ ಕಸ್ಟಡಿಯೂ ಹದಿನೈದರ ಬದಲು ಮೂವತ್ತು ದಿನ. ನಿರೀಕ್ಷಣಾ ಜಾಮೀನಿನ ಮಾತೇ ಇಲ್ಲ. ಇನ್ನು ಮಾಮೂಲಿ ಜಾಮೀನು ಕೇಳಿದರೆ, ಪೊಲೀಸರ ಕಾಗದ ನೋಡಿ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೂ ಸಾಕು, ಜಡ್ಜ್ ಕೊಡುವ ಹಾಗಿಲ್ಲ. 2021ರಲ್ಲಿ ನಜೀಬ್ ಕೇಸಿನಲ್ಲಿ, ವಿಚಾರಣೆ ತೀರಾ ತಡವಾದರೆ ಇಂಥ ಕೇಸಲ್ಲೂ ಜಾಮೀನು ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ಹೊತ್ತಿಗೆ ಆ ಮನುಷ್ಯ ಒಳಗಿದ್ದು ಐದು ವರ್ಷ ದಾಟಿತ್ತು. ಅದಕ್ಕೇ ಮೊದಲ ರಾತ್ರಿಯ ಖಾಲಿ ಕಾಲಂ ಇಲ್ಲಿ ಅಷ್ಟು ಭಾರ. ಆಮೇಲೆ ಬಾಗಿಲು ಹಾಕಿಕೊಂಡರೆ ವರ್ಷಗಟ್ಟಲೆ ತೆಗೆಯುವುದಿಲ್ಲ.

ಪೊಲೀಸರು ಒದ್ದೆಯಾಗಿ ಒಳಗೆ ಬಂದರು. ಹತ್ತು ದಿನ ಕಸ್ಟಡಿ ಬೇಕು ಅಂದರು. ನಾನು ಎದ್ದು ನಿಂತೆ. "167ರ ಪ್ರಕಾರ..." ಅಂತ ಶುರು ಮಾಡಿ "ಕ್ಷಮಿಸಿ ಸರ್, 187" ಅಂತ ತಿದ್ದಿಕೊಂಡೆ. ಕಸ್ಟಡಿಯ ಸೆಕ್ಷನ್ ನಂಬರನ್ನೂ ಬದಲಿಸಿದ ಹೊಸ ಕ್ರಿಮಿನಲ್ ಕಾನೂನು ಬಂದು ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ, ಎಲ್ಲರ ನಾಲಿಗೆಯೂ ತೊಡರುತ್ತಿತ್ತು. ಮ್ಯಾಜಿಸ್ಟ್ರೇಟ್ ನಕ್ಕರು. ಆ ನಗೆಯಿಂದ ನನ್ನ ಕೈ ನಡುಕ ನಿಂತಿತು.

ನನ್ನ ಬಳಿ ಒಂದೇ ಗಟ್ಟಿ ಅಸ್ತ್ರ ಇತ್ತು. ಅದೇ ವರ್ಷ ಮೇ 15ರಂದು ನ್ಯೂಸ್‌ಕ್ಲಿಕ್ ಸುದ್ದಿತಾಣದ ಸಂಪಾದಕ ಪ್ರಬೀರ್ ಪುರಕಾಯಸ್ಥ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಯುಎಪಿಎ ಬಂಧನಕ್ಕೂ ಆಧಾರಗಳನ್ನು ಬರಹದಲ್ಲೇ ಕೊಡಬೇಕು ಅಂದಿತ್ತು. ಕೊಡದಿದ್ದರೆ ಬಂಧನವೇ ಊರ್ಜಿತವಲ್ಲ. ಅದನ್ನೇ ಹೇಳಿದೆ. ತನಿಖಾಧಿಕಾರಿ ಫೈಲಿನಿಂದ ಒಂದು ಹಾಳೆ ತೆಗೆದರು. 'ಕಾನೂನುಬಾಹಿರ ಚಟುವಟಿಕೆಯಲ್ಲಿ ಭಾಗಿಯಾಗಿರುವ ಶಂಕೆ, ಹೆಚ್ಚಿನ ತನಿಖೆಗೆ ಅಗತ್ಯ.' ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುವ ಹಾಳೆ. ಎಲ್ಲರಿಗೂ ಹೊಂದುವುದು ಬರೀ ಕಾರಣ, ಇವನೇ ಏನು ಮಾಡಿದ ಅಂತ ಹೇಳುವುದು ಆಧಾರ ಅಂತ ಅದೇ ತೀರ್ಪು ಬಿಡಿಸಿ ಹೇಳಿದೆ. ಅದನ್ನೂ ಓದಿ ಹೇಳಿದೆ, ಮೊಬೈಲಿನಲ್ಲಿ ಸ್ಕ್ರೋಲ್ ಮಾಡುತ್ತಾ.

"ಮೇಡಂ, ದೇಶದ ವಿಷಯ ಇದು" ಅಂದರು ಅಧಿಕಾರಿ. ಜೋರು ಮಾಡಲಿಲ್ಲ, ನಿಜವಾಗಿ ಸುಸ್ತಾದವರ ದನಿ. ಮೂರು ದಿನದಿಂದ ಅವರೂ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ನಾಳೆ ಎಲ್ಲೋ ಏನೋ ಸಿಡಿದರೆ ಮೊದಲು ಕೇಳುವುದು ಅವರನ್ನೇ. ಅದು ನನಗೂ ಗೊತ್ತು. ಹಾಗಿದ್ದಮೇಲೆ ಸಮಯ ಯಾಕೆ ಬರೆದಿಲ್ಲ ಅಂತ ಕೇಳಿದೆ. "ಬರಹಗಾರ ಮರೆತಿರಬೇಕು" ಅಂದರು.

ಗೆದ್ದೆ ಅಂತ ಹೇಳೋಕಾಗಲ್ಲ. ಬಂಧನ ಸರಿಯೋ ತಪ್ಪೋ ಅನ್ನುವುದನ್ನು ವಿಶೇಷ ಕೋರ್ಟ್ ನೋಡಲಿ ಅಂದರು ಮ್ಯಾಜಿಸ್ಟ್ರೇಟ್. ಐದು ದಿನ ಕಸ್ಟಡಿ ಕೊಟ್ಟರು. ಆದರೆ ಆದೇಶವನ್ನು ತಮ್ಮ ಕೈಯಲ್ಲೇ ಬರೆದರು. ಕಿವಿ ಪರೀಕ್ಷೆ ಇವತ್ತೇ ರಾತ್ರಿ. 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ದಿನಕ್ಕೆ ಅರ್ಧ ಗಂಟೆ ವಕೀಲರ ಭೇಟಿ. ಬಂಧನದ ಆಧಾರ ಹಿಂದಿಯಲ್ಲಿ ಬರೆದು ಕೊಡಬೇಕು. ಶುಕ್ರವಾರದಿಂದ ಠಾಣೆಯ ಸಿಸಿಟಿವಿ ದೃಶ್ಯ ಉಳಿಸಬೇಕು. ಈ ಕೊನೆಯದು ನಾನು ಕೇಳಿದ್ದು. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು ಕನಿಷ್ಠ ಒಂದು ವರ್ಷ ಇಡಬೇಕು ಅಂತ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅವನು ಹೇಳಿದ ಶುಕ್ರವಾರ ನಿಜವಾದರೆ, ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು ಅನ್ನುವ ನಿಯಮ ಶನಿವಾರ ಸಂಜೆಗೇ ಮುರಿದಿತ್ತು.

ಅವನ ಅಮ್ಮನಿಗೆ ಫೋನ್ ಮಾಡಿಸಿದರು, ಎಲ್ಲರ ಮುಂದೆ, ಸ್ಪೀಕರ್‌ನಲ್ಲಿ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ ನನ್ನ ಹಿಂದಿಗೂ ಅರ್ಥವಾಯಿತು: ಊಟ ಮಾಡಿದೆಯಾ?

ಮನೆಗೆ ಬಂದಾಗ ಹನ್ನೆರಡೂವರೆ. ಅಮ್ಮ ಎದ್ದೇ ಇದ್ದಳು. "ಹೇಗಿದ್ದ?" ಅಂದಳು. ಚಪ್ಪಲಿಯ ವಿಷಯ ಹೇಳಿದೆ. ಬೇರೆ ಏನೂ ಕೇಳಲಿಲ್ಲ.

ನಾಲ್ಕನೇ ದಿನಕ್ಕೆ ಅವರ ಮನೆಯವರು ಒಬ್ಬ ಹಿರಿಯ ವಕೀಲರನ್ನು ಗೊತ್ತು ಮಾಡಿದರು. ಅವರು ಕೇಸು ನಡೆಸಲು ನನ್ನ ಆಕ್ಷೇಪಣೆ ಇಲ್ಲ ಅಂತ ಎನ್‌ಒಸಿ ಬರೆದುಕೊಟ್ಟು ಫೈಲ್ ಒಪ್ಪಿಸಿದೆ. ಕೇಸು ಇನ್ನೂ ನಡೆಯುತ್ತಿದೆ. ಅವನು ಮಾಡಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ರಾತ್ರಿಯೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಸಿಸಿಟಿವಿ ಬಗ್ಗೆ ಠಾಣೆಯ ಉತ್ತರ ಎರಡು ವಾರದ ನಂತರ ನನ್ನ ಹೆಸರಿಗೇ ಬಂತು. ಒಂದೇ ಸಾಲು. 'ಸದರಿ ದಿನಾಂಕಗಳಂದು ಕ್ಯಾಮೆರಾ ದುರಸ್ತಿಯಲ್ಲಿತ್ತು.' ಫೋಟೊ ತೆಗೆದು ಹಿರಿಯ ವಕೀಲರಿಗೆ ಕಳಿಸಿದೆ. ಅವರು ಒಂದು ಹೆಬ್ಬೆಟ್ಟಿನ ಇಮೋಜಿ ಹಾಕಿದರು.