ಹಿಮದ ಹರಳಿನ ಆರು ತೋಳುಗಳು

ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿ ಅವರು 1885ರ ಜನವರಿ 15ರಂದು, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಒಂಟಿ ಹರಳಿನ ಚಿತ್ರ ತೆಗೆದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಬೀಳುವ ಹರಳನ್ನು ಕಪ್ಪು ಹಲಗೆಯ ಮೇಲೆ ಹಿಡಿದು, ಸಣ್ಣ ಕಡ್ಡಿಯಿಂದ ಗಾಜಿಗೆ ದಾಟಿಸಿ, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಿ, ಅದು ಕರಗುವ ಮೊದಲೇ ಚಿತ್ರ ತೆಗೆಯಬೇಕಿತ್ತು. 1931ರಲ್ಲಿ ತೀರಿಕೊಳ್ಳುವವರೆಗೆ ಅವರು ಹೀಗೆ ತೆಗೆದವು 5000ಕ್ಕೂ ಹೆಚ್ಚು. ಆ ಚಿತ್ರಗಳನ್ನು ನಾನು ಎಷ್ಟು ಬಾರಿ ನೋಡಿದರೂ ದಣಿದಿಲ್ಲ.

ನಮ್ಮ ಬೇಸಿಗೆಯ ಮಳೆಯಲ್ಲಿ ಬೀಳುವ ಆಲಿಕಲ್ಲು ನೀರಹನಿಗಳು ಪದರಪದರವಾಗಿ ಹೆಪ್ಪುಗಟ್ಟಿ ಆದ ಗಡ್ಡೆ. ಹಿಮದ ಹರಳಾದರೋ ಮೋಡದ ಆವಿಯಿಂದಲೇ ಬೆಳೆಯುತ್ತದೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಷಟ್ಕೋನಾಕಾರದಲ್ಲಿ ಹೆಣೆದುಕೊಳ್ಳುವುದರಿಂದ ಹರಳಿಗೂ ಆರು ಮೂಲೆಗಳು. ಮೂಲೆಗಳು ಹೊರಗೆ ಚಾಚಿರುವ ಕಾರಣ ಆವಿ ಅಲ್ಲಿಗೆ ಬೇಗ ತಲುಪಿ, ಅವು ತೋಳುಗಳಾಗಿ, ತೋಳುಗಳಿಂದ ಕವಲುಗಳಾಗಿ ಚಿಗುರುತ್ತವೆ. ಸೊನ್ನೆಗಿಂತ ಸುಮಾರು 5 ಡಿಗ್ರಿ ಕೆಳಗೆ ಸೂಜಿಗಳು, ಸುಮಾರು 15 ಡಿಗ್ರಿ ಕೆಳಗೆ ಜರೀಗಿಡದಂತಹ ನಕ್ಷತ್ರಗಳು ಮೂಡುತ್ತವೆ ಎಂಬುದನ್ನು ಜಪಾನಿನ ಹೊಕ್ಕೈಡೋದಲ್ಲಿ ಉಕಿಚಿರೋ ನಕಯಾ ಅವರು ಪ್ರಯೋಗಗಳಿಂದ ವಿವರವಾಗಿ ತೋರಿಸಿದರು. 1936ರಲ್ಲಿ ಅವರು ಪ್ರಯೋಗಾಲಯದಲ್ಲಿ ಮೊದಲ ಕೃತಕ ಹಿಮದ ಹರಳನ್ನು ಬೆಳೆಸಿದ್ದು ಮೊಲದ ಒಂದು ಕೂದಲಿನ ಮೇಲೆ! ಈ ವಿವರ ನನಗೆ ಅತ್ಯಂತ ಪ್ರಿಯವಾದದ್ದು.

ಒಂದೇ ಹರಳಿನ ಆರೂ ತೋಳುಗಳು ಒಂದೇ ಚಳಿಯನ್ನು, ಒಂದೇ ತೇವವನ್ನು ಒಟ್ಟಿಗೆ ಹಾದು ಬರುವುದರಿಂದ ಪರಸ್ಪರ ಹೋಲುತ್ತವೆ. ಪಕ್ಕದ ಹರಳು ಬೇರೆ ದಾರಿಯಲ್ಲಿ ಇಳಿದಿರುತ್ತದೆ. ವಾಸ್ತವದಲ್ಲಿ ಹೆಚ್ಚಿನವು ಸೊಟ್ಟಗಿರುತ್ತವೆ, ತೋಳು ಮುರಿದಿರುತ್ತವೆ, ಒಂದಕ್ಕೊಂದು ಅಂಟಿರುತ್ತವೆ. ನನಗೆ ಅವೂ ಅಷ್ಟೇ ಸುಂದರ.